ಎರಡು ನುಡಿ, ಒಂದು ಬುದ್ಧಿ

ನಮ್ಮ ಕಾಲೇಜಿನ ಗಣಿತ ವಿಭಾಗದಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ಅವರ ಊರು ಪುತ್ತೂರಿನ ಕಡೆ, ಮನೆಮಾತು ತುಳು. ಅವರ ನಾಲ್ಕು ವರ್ಷದ ಮಗಳು ಅಜ್ಜಿಯೊಡನೆ ತುಳುವಿನಲ್ಲಿಯೂ ನೆರೆಹೊರೆಯ ಮಕ್ಕಳೊಡನೆ ಕನ್ನಡದಲ್ಲಿಯೂ ಮಾತನಾಡುತ್ತಾಳೆ. ಅಂಗಳಕ್ಕೆ ಬೆಕ್ಕು ಬಂದರೆ ಅಜ್ಜಿಗೆ ‘ಪುಚ್ಚೆ’ ಎಂದು ತೋರಿಸುತ್ತಾಳೆ. ಅದೇ ಬೆಕ್ಕನ್ನು ಪಕ್ಕದ ಮನೆಯವರಿಗೆ ‘ಬೆಕ್ಕು’ ಎಂದು ತೋರಿಸುತ್ತಾಳೆ. ಹೀಗೆ ಬದಲಾಯಿಸಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟುದಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದಾಗ ಅಲ್ಲಿಯ ಉಪಾಧ್ಯಾಯಿನಿಯೊಬ್ಬರು ಒಂದು ಸಲಹೆ ಕೊಟ್ಟರು: “ಮನೆಯಲ್ಲಿ ಇಷ್ಟೊಂದು ಭಾಷೆ ಬೇಡ. ಇಂಗ್ಲಿಷ್ ಒಂದನ್ನೇ ಆಡಿ. ಇಲ್ಲದಿದ್ದರೆ ಮಗುವಿಗೆ ಗೊಂದಲವಾಗಿ ಬುದ್ಧಿ ಹಿಂದೆ ಬೀಳುತ್ತದೆ.” ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗಳಿಗೆ ತನ್ನಿಂದ ಕೇಡಾಗಬಾರದೆಂದು ಆಕೆ ಮಾತು ಕಡಮೆ ಮಾಡಿದರು. ಸಂಜೆಯ ಕಥೆಗಳು ನಿಂತುಹೋದವು.

ಒಂದು ದಿನ ಮಿತ್ರರು ನನ್ನನ್ನು ಕೇಳಿದರು: “ನೀವು ಅಳತೆಯ ಶಾಸ್ತ್ರದವರು. ಈ ಮಾತಿಗೆ ಆಧಾರ ಉಂಟೋ ಇಲ್ಲವೋ, ಸ್ವಲ್ಪ ನೋಡಿ ಹೇಳಿ, ಮಾರಾಯರೆ.” ನಾನು ಮನಶ್ಶಾಸ್ತ್ರಜ್ಞನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಒಂದು ಅಳತೆಯನ್ನು ಸರಿಯಾಗಿ ಮಾಡಿದೆಯೆ, ಅದರಿಂದ ತೆಗೆದ ತೀರ್ಮಾನ ನ್ಯಾಯವಾದುದೆ ಎಂದು ಪರಿಶೀಲಿಸುವುದು ನಮ್ಮ ಪ್ರಯೋಗಶಾಲೆಯಲ್ಲಿ ದಿನನಿತ್ಯದ ಕೆಲಸವಷ್ಟೆ. ಆ ದೃಷ್ಟಿಯಿಂದ ಈ ವಿಷಯದಲ್ಲಿ ನಡೆದಿರುವ ಶೋಧನೆಗಳನ್ನು ಓದತೊಡಗಿದೆ. ಓದಿದುದರ ಸಾರವನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯ ಭಯ

ಎರಡು ಭಾಷೆಗಳನ್ನು ಕಲಿಯುವುದರಿಂದ ಮಗುವಿನ ಬುದ್ಧಿ ಕುಂದುತ್ತದೆ ಎಂಬ ಭಾವನೆ ಆ ಉಪಾಧ್ಯಾಯಿನಿ ತಾವಾಗಿ ಕಲ್ಪಿಸಿಕೊಂಡುದಲ್ಲ. ನೂರು ವರ್ಷಗಳ ಹಿಂದೆ ಅದು ಪಂಡಿತರ ಮತವೇ ಆಗಿದ್ದಿತು. ಡೆನ್ಮಾರ್ಕಿನ ಪ್ರಸಿದ್ಧ ಭಾಷಾಶಾಸ್ತ್ರಜ್ಞ ಆಟೋ ಯೆಸ್ಪರ್ಸನ್ ೧೯೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎರಡು ಭಾಷೆಗಳನ್ನು ವಶಪಡಿಸಿಕೊಳ್ಳಲು ಮೆದುಳು ಪಡುವ ಶ್ರಮದಿಂದ ಮಗುವಿಗೆ ಬೇರೆ ವಿಷಯಗಳನ್ನು ಕಲಿಯುವ ಶಕ್ತಿ ಕಡಮೆಯಾಗುವುದೆಂದು ಅಭಿಪ್ರಾಯಪಟ್ಟರು. ಮೆದುಳು ಒಂದು ಗಡಿಗೆ. ಅದರಲ್ಲಿ ಒಂದು ಭಾಷೆ ತುಂಬಿದರೆ ಇನ್ನೊಂದಕ್ಕೆ ಜಾಗ ಸಾಲದು ಎಂಬ ಕಲ್ಪನೆ ಇದರ ಹಿಂದಿದೆ.

ಇದಕ್ಕೆ ಅಂಕಿಗಳ ಬೆಂಬಲವೂ ದೊರೆಯಿತು. ೧೯೨೩ರಲ್ಲಿ ಡಿ. ಜೆ. ಸೇಯರ್ ಎಂಬ ವಿದ್ವಾಂಸರು ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ೭ ರಿಂದ ೧೪ ವರ್ಷದೊಳಗಿನ ಸುಮಾರು ೧,೪೦೦ ಮಕ್ಕಳಿಗೆ ಬುದ್ಧಿಪರೀಕ್ಷೆಗಳನ್ನು ಕೊಟ್ಟರು. ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತಿದ್ದ ಹಳ್ಳಿಯ ಮಕ್ಕಳು ಇಂಗ್ಲಿಷ್ ಒಂದನ್ನೇ ಆಡುತ್ತಿದ್ದ ಮಕ್ಕಳಿಗಿಂತ ಕಡಮೆ ಅಂಕಗಳನ್ನು ಪಡೆದರು. ದ್ವಿಭಾಷಿಗಳ ಮನಸ್ಸಿನಲ್ಲಿ ಗೊಂದಲವುಂಟಾಗುತ್ತದೆ ಎಂದು ಸೇಯರ್ ತೀರ್ಮಾನಿಸಿದರು. ಅವರ ಅಂಕಿಗಳಲ್ಲಿಯೇ ಒಂದು ವಿಚಿತ್ರವಿದ್ದಿತು. ಪಟ್ಟಣಗಳಲ್ಲಿ ಬೆಳೆದ ದ್ವಿಭಾಷಿ ಮಕ್ಕಳಿಗೂ ಏಕಭಾಷಿ ಮಕ್ಕಳಿಗೂ ಅಂತಹ ಅಂತರವೇ ಕಾಣಲಿಲ್ಲ! ಬುದ್ಧಿಯನ್ನು ಕೆಡಿಸುವುದು ಎರಡು ಭಾಷೆಗಳೇ ಆಗಿದ್ದರೆ, ಪಟ್ಟಣದ ಮಗುವನ್ನು ಮಾತ್ರ ಬಿಟ್ಟು ಹಳ್ಳಿಯ ಮಗುವನ್ನೇ ಏಕೆ ಹಿಡಿಯಬೇಕು?

ತಕ್ಕಡಿಯ ದೋಷ

ಈ ಪ್ರಶ್ನೆಯನ್ನು ನಮ್ಮ ಪ್ರಯೋಗಶಾಲೆಯ ಭಾಷೆಯಲ್ಲಿ ವಿಚಾರಿಸೋಣ. ಇಬ್ಬರು ವಿದ್ಯಾರ್ಥಿಗಳಿಗೆ ಲೋಲಕದ ಪ್ರಯೋಗವನ್ನು ಕೊಟ್ಟಿದೆ ಎನ್ನಿರಿ. ಒಬ್ಬನು ೧೦೦ ಸೆಂಟಿಮೀಟರ್ ಉದ್ದದ ದಾರಕ್ಕೆ ಹಿತ್ತಾಳೆಯ ಗುಂಡನ್ನು ಕಟ್ಟುತ್ತಾನೆ. ಇನ್ನೊಬ್ಬನು ೨೫ ಸೆಂಟಿಮೀಟರ್ ಉದ್ದದ ದಾರಕ್ಕೆ ಮರದ ಗುಂಡನ್ನು ಕಟ್ಟುತ್ತಾನೆ. ಮೊದಲನೆಯ ಲೋಲಕ ಒಮ್ಮೆ ಹೋಗಿಬರಲು ಸುಮಾರು ೨ ಸೆಕೆಂಡು ಬೇಕು. ಎರಡನೆಯದಕ್ಕೆ ಸುಮಾರು ೧ ಸೆಕೆಂಡು. ಇದನ್ನು ನೋಡಿ “ಹಿತ್ತಾಳೆಗಿಂತ ಮರ ಬೇಗ ತೂಗಾಡುತ್ತದೆ” ಎಂದು ಬರೆದರೆ ಯಾವ ಪರೀಕ್ಷಕರೂ ಅಂಕ ಕೊಡರು. ವ್ಯತ್ಯಾಸಕ್ಕೆ ಕಾರಣ ದಾರದ ಉದ್ದವೇ ಹೊರತು ಗುಂಡಿನ ವಸ್ತುವಲ್ಲ. ಒಂದು ಕಾರಣವನ್ನು ಪರೀಕ್ಷಿಸಬೇಕಾದರೆ ಉಳಿದ ಕಾರಣಗಳನ್ನೆಲ್ಲ ಸಮವಾಗಿಡಬೇಕು.

ವೇಲ್ಸಿನ ಹಳ್ಳಿಯ ದ್ವಿಭಾಷಿ ಮಕ್ಕಳು ಬಹುಮಟ್ಟಿಗೆ ಬಡ ಬೇಸಾಯಗಾರರ ಮಕ್ಕಳು. ಪುಸ್ತಕ, ಪತ್ರಿಕೆ, ಓದಿದ ತಂದೆತಾಯಿಗಳು, ಒಳ್ಳೆಯ ಶಾಲೆ ಇವು ಅವರಿಗೆ ಅಷ್ಟಾಗಿ ಎಟುಕುತ್ತಿರಲಿಲ್ಲ. ಮೇಲಾಗಿ ಅನೇಕರು ಇಂಗ್ಲಿಷನ್ನು ಮೊದಲು ಕೇಳುತ್ತಿದ್ದುದು ಶಾಲೆಯಲ್ಲಿಯೇ. ಅಳತೆ ಮಾಡಿದವರು ಭಾಷೆಯನ್ನು ಅಳೆಯುತ್ತಿದ್ದೇವೆಂದು ತಿಳಿದು ಬಡತನವನ್ನು ಅಳೆದಿದ್ದರು. ದಾರದ ಉದ್ದವನ್ನು ಮರೆತು ಗುಂಡನ್ನು ದೂರಿದ್ದರು. ಅದೇ ಕಾಲದಲ್ಲಿ ಅಮೆರಿಕದ ಎಲ್ಲಿಸ್ ದ್ವೀಪದಲ್ಲಿ ಹೆನ್ರಿ ಗೊಡ್ಡಾರ್ಡ್ ಮತ್ತು ಅವರ ಸಹಾಯಕರು ಆಗತಾನೆ ಹಡಗಿನಿಂದಿಳಿದ ವಲಸೆಗಾರರಿಗೆ ಇಂತಹ ಪರೀಕ್ಷೆಗಳನ್ನು ಕೊಟ್ಟು, ಅವರಲ್ಲಿ ಬಹುಮಂದಿ ಮಂದಬುದ್ಧಿಯವರೆಂದು ಬರೆದರು. ವಾರಗಟ್ಟಲೆ ಸಮುದ್ರದ ಮೇಲಿದ್ದು ಬಂದು, ಪರಕೀಯರ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಉತ್ತರ ಕೊಡಬೇಕಾದವನ ಸ್ಥಿತಿಯನ್ನು ವಾಚಕರೇ ಊಹಿಸಬಹುದು.

ಮಾಂಟ್ರಿಯಲ್ಲಿನ ಪರೀಕ್ಷೆ

ಈ ದೋಷವನ್ನು ತಿದ್ದುವ ಪ್ರಸಿದ್ಧ ಪ್ರಯತ್ನವೊಂದು ೧೯೬೨ರಲ್ಲಿ ಪ್ರಕಟವಾಯಿತು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಆಡುವವರೂ ಇಂಗ್ಲಿಷ್ ಆಡುವವರೂ ಒಟ್ಟಿಗೆ ಬಾಳುತ್ತಾರೆ. ಅಲ್ಲಿಯ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಫ್ರೆಂಚ್ ಶಾಲೆಗಳ ಹತ್ತು ವರ್ಷದ ಮಕ್ಕಳನ್ನು ಆರಿಸಿಕೊಂಡು, ವಯಸ್ಸು, ಲಿಂಗ, ಮನೆಯ ಆರ್ಥಿಕಸ್ಥಿತಿ ಇವುಗಳಲ್ಲಿ ಎರಡು ಗುಂಪುಗಳನ್ನೂ ಸರಿಹೊಂದಿಸಿದರು. ಫಲಿತಾಂಶ ಅವರನ್ನೇ ಬೆರಗುಗೊಳಿಸಿತು. ದ್ವಿಭಾಷಿ ಮಕ್ಕಳು ಹಿಂದೆ ಬೀಳುವುದಿರಲಿ, ಮಾತಿಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿಯೂ ಆಕೃತಿಗಳಿಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿಯೂ ಬಹುಪಾಲು ಮುಂದಿದ್ದರು.

ಆದರೆ ಇಲ್ಲಿಯೂ ನಾವು ಹಿಗ್ಗಿ ಕುಣಿಯುವ ಮುನ್ನ ತಕ್ಕಡಿಯನ್ನು ನೋಡಬೇಕು. ಪೀಲ್ ಮತ್ತು ಲ್ಯಾಂಬರ್ಟ್ ಎರಡು ಭಾಷೆಗಳಲ್ಲಿಯೂ ಸಮನಾಗಿ ಪಳಗಿದ ಮಕ್ಕಳನ್ನು ಮಾತ್ರ ದ್ವಿಭಾಷಿಗಳೆಂದು ಎಣಿಸಿದ್ದರು. ಎರಡನೆಯ ಭಾಷೆಯನ್ನು ಅಷ್ಟು ಚೆನ್ನಾಗಿ ಕಲಿತವರು ಮೊದಲೇ ಚುರುಕಾದ ಮಕ್ಕಳಾಗಿದ್ದಿರಬಾರದೇಕೆ? ಬುದ್ಧಿಯಿಂದ ಭಾಷೆ ಬಂದಿತೋ, ಭಾಷೆಯಿಂದ ಬುದ್ಧಿ ಬಂದಿತೋ? ಈ ಆಕ್ಷೇಪಣೆ ನ್ಯಾಯವಾದುದೇ. ಅಂತೂ ಹಳೆಯ ಭಯದ ಬೇರು ಅಲುಗಾಡಿತು.

ಕಂಧರ ಬೆಟ್ಟಗಳಲ್ಲಿ

ಈ ತೊಡಕನ್ನು ಬಿಡಿಸಲು ನೆರವಾಗುವಂತಹ ಒಂದು ಸನ್ನಿವೇಶ ನಮ್ಮ ದೇಶದಲ್ಲಿಯೇ ಇದೆ. ಒಡಿಶಾದ ಬೆಟ್ಟಸೀಮೆಯಲ್ಲಿ ಕಂಧರೆಂಬ ಆದಿವಾಸಿ ಜನರಿದ್ದಾರೆ. ಅವರ ಮೂಲಭಾಷೆ ಕುಯಿ; ಇದು ನಮ್ಮ ಕನ್ನಡ, ತುಳುಗಳಂತೆಯೇ ದ್ರಾವಿಡ ಕುಟುಂಬದ ಭಾಷೆ. ಕೆಲವು ಪ್ರದೇಶಗಳ ಕಂಧರು ಕುಯಿಯನ್ನು ಉಳಿಸಿಕೊಂಡು ಅದರ ಜೊತೆಗೆ ಒಡಿಯಾ ಭಾಷೆಯನ್ನೂ ಆಡುತ್ತಾರೆ. ಇನ್ನು ಕೆಲವು ಪ್ರದೇಶಗಳಲ್ಲಿ ಕುಯಿ ಮರೆತುಹೋಗಿ ಒಡಿಯಾ ಒಂದೇ ಉಳಿದಿದೆ. ಜನಾಂಗ ಒಂದೇ, ಆಚಾರವಿಚಾರಗಳು ಬಹುಮಟ್ಟಿಗೆ ಒಂದೇ, ಬಡತನವೂ ಒಂದೇ. ಬೇರೆಯಾಗಿರುವುದು ಭಾಷೆಯ ಸ್ಥಿತಿ. ಉದ್ದ ಸಮವಾಗಿದ್ದು ಗುಂಡು ಮಾತ್ರ ಬೇರೆಯಾಗಿರುವ ಎರಡು ಲೋಲಕಗಳಿಗೆ ಇದಕ್ಕಿಂತ ಸಮೀಪವಾದ ನಿದರ್ಶನ ಮಾನವಸಮಾಜದಲ್ಲಿ ಸಿಕ್ಕುವುದು ಅಪರೂಪ. ಇಲ್ಲಿ ಮಕ್ಕಳು ಎರಡು ಭಾಷೆ ಕಲಿತುದು ಚುರುಕುತನದಿಂದಲ್ಲ, ಹುಟ್ಟಿದ ಊರಿನಿಂದ.

ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿಯವರು ತಮ್ಮ ಸಹೋದ್ಯೋಗಿಗಳೊಡನೆ ಈ ಮಕ್ಕಳನ್ನು ಅನೇಕ ವರ್ಷಗಳ ಕಾಲ ಪರೀಕ್ಷಿಸಿದರು. ದ್ವಿಭಾಷಿ ಮಕ್ಕಳು ಹಲವು ಬುದ್ಧಿಪರೀಕ್ಷೆಗಳಲ್ಲಿಯೂ, ವಿಶೇಷವಾಗಿ ಭಾಷೆಯನ್ನೇ ಕುರಿತು ಆಲೋಚಿಸಬೇಕಾದ ಪ್ರಶ್ನೆಗಳಲ್ಲಿಯೂ ತಮ್ಮ ಏಕಭಾಷಿ ಬಂಧುಗಳಿಗಿಂತ ಮೇಲಾಗಿ ಉತ್ತರಕೊಟ್ಟುದನ್ನು ಅವರು ವರದಿ ಮಾಡಿದ್ದಾರೆ. ಈ ಶೋಧನೆಗಳನ್ನು ಒಳಗೊಂಡ ಅವರ ಗ್ರಂಥವನ್ನು ೧೯೯೪ರಲ್ಲಿ ಪ್ರಕಟಿಸಿದುದು ನಮ್ಮ ಮೈಸೂರಿನಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ. ಎರಡು ಪ್ರದೇಶಗಳ ನಡುವೆ ನಮ್ಮ ಕಣ್ಣಿಗೆ ಬೀಳದ ಬೇರೆ ವ್ಯತ್ಯಾಸಗಳು ಇರಲಾರವೆಂದು ಆಣೆಯಿಟ್ಟು ಹೇಳಲಾಗದು. ಆದರೂ ಒಂದು ಮಾತು ಸ್ಪಷ್ಟ: ಮನೆಯ ಭಾಷೆಯನ್ನು ಉಳಿಸಿಕೊಂಡುದರಿಂದ ಆ ಬಡ ಮಕ್ಕಳ ಬುದ್ಧಿಗೆ ಕೇಡಾಗಲಿಲ್ಲ.

ಹೆಸರು ಬೇರೆ, ವಸ್ತು ಬೇರೆ

ಭಾಷೆಯನ್ನೇ ಕುರಿತು ಆಲೋಚಿಸುವುದು ಎಂದೆನಲ್ಲ, ಅದರ ಅರ್ಥವೇನು? ಒಂದು ಚಿಕ್ಕ ಮಗುವನ್ನು ಹೀಗೆ ಕೇಳಿ ನೋಡಿರಿ: “ಎಲ್ಲರೂ ಸೇರಿ ಸೂರ್ಯನಿಗೆ ಚಂದ್ರನೆಂದೂ ಚಂದ್ರನಿಗೆ ಸೂರ್ಯನೆಂದೂ ಹೆಸರು ಬದಲಾಯಿಸಿದರು ಎನ್ನು. ರಾತ್ರಿ ಮಲಗುವ ಹೊತ್ತಿಗೆ ಆಕಾಶದಲ್ಲಿ ಕಾಣುವುದಕ್ಕೆ ಏನೆನ್ನುತ್ತೀಯೆ? ಆಗ ಆಕಾಶ ಹೇಗಿರುತ್ತದೆ?” ಮೊದಲನೆಯದಕ್ಕೆ ‘ಸೂರ್ಯ’ ಎಂದು ಸರಿಯಾಗಿ ಹೇಳಿದ ಮಗುವೂ ಎರಡನೆಯದಕ್ಕೆ “ಬೆಳಕಾಗಿರುತ್ತದೆ” ಎಂದುಬಿಡುವುದುಂಟು. ಹೆಸರು ವಸ್ತುವಿಗೆ ಅಂಟಿಕೊಂಡ ಚರ್ಮವಲ್ಲ, ಜನರು ತೊಡಿಸಿದ ಅಂಗಿ ಎಂಬುದು ಮಗುವಿಗೆ ತಿಳಿಯಲು ಕಾಲ ಬೇಕು. ಸ್ವಿಟ್ಜರ್ಲೆಂಡಿನ ಪಿಯಾಜೆ, ರಷ್ಯದ ವಿಗೋಟ್‌ಸ್ಕಿ ಮೊದಲಾದ ಮಹನೀಯರು ಇಂತಹ ಪ್ರಶ್ನೆಗಳಿಂದ ಮಕ್ಕಳ ಮನಸ್ಸನ್ನು ಶೋಧಿಸಿದರು.

ಎರಡು ಭಾಷೆಗಳಲ್ಲಿ ಬೆಳೆಯುವ ಮಗುವಿಗೆ ಈ ತಿಳಿವಳಿಕೆ ಬೇಗ ಮೂಡುತ್ತದೆ. ನನ್ನ ಮಿತ್ರರ ಮಗಳಿಗೆ ಪುಚ್ಚೆಯೂ ಬೆಕ್ಕೂ ಒಂದೇ ಪ್ರಾಣಿಯೆಂದು ಅಂಗಳವೇ ಕಲಿಸಿದೆಯಲ್ಲವೆ? ಅಮೆರಿಕದಲ್ಲಿ ನೆಲಸಿದ ಜರ್ಮನ್ ವಿದ್ವಾಂಸ ವರ್ನರ್ ಲಿಯೊಪೋಲ್ಡ್ ತಮ್ಮ ಮಗಳೊಡನೆ ಜರ್ಮನ್ ಮಾತ್ರ ಆಡುತ್ತಿದ್ದರು. ತಾಯಿ ಇಂಗ್ಲಿಷ್ ಆಡುತ್ತಿದ್ದರು. ಮಗುವಿನ ಮಾತುಗಳನ್ನು ದಿನಚರಿಯಲ್ಲಿ ಗುರುತಿಸಿಡುತ್ತ ೧೯೩೯ ರಿಂದ ೧೯೪೯ರ ವರೆಗೆ ಅವರು ನಾಲ್ಕು ಸಂಪುಟಗಳನ್ನು ಪ್ರಕಟಿಸಿದರು. ಪದಕ್ಕೂ ಅರ್ಥಕ್ಕೂ ಇರುವ ಗಂಟು ಅವಳ ಮನಸ್ಸಿನಲ್ಲಿ ಬೇಗ ಸಡಿಲವಾದುದನ್ನು ಅವರು ಗಮನಿಸಿದ್ದರು.

ಒಂದು ಮಗುವಿನ ದಿನಚರಿ ಸಾಕ್ಷ್ಯವಾಗದು ಎಂದರೆ ದಕ್ಷಿಣ ಆಫ್ರಿಕದಲ್ಲಿ ಐಯಾಂಕೊ-ವೊರಾಲ್ ಎಂಬಾಕೆ ನಡೆಸಿ ೧೯೭೨ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬಹುದು. ಅದನ್ನು ಕನ್ನಡಕ್ಕೆ ಹೊಂದಿಸಿ ಹೇಳುವುದಾದರೆ ಹೀಗೆ: “ಕಲ್ಲು ಎಂಬುದಕ್ಕೆ ಹೆಚ್ಚು ಹತ್ತಿರವಾದುದು ಯಾವುದು? ಹಲ್ಲೋ, ಬಂಡೆಯೋ?” ಹಲ್ಲು ಎಂದ ಮಗು ಶಬ್ದವನ್ನು ಹಿಡಿಯಿತು, ಬಂಡೆ ಎಂದ ಮಗು ಅರ್ಥವನ್ನು ಹಿಡಿಯಿತು. ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತಿದ್ದ ಪುಟ್ಟ ಮಕ್ಕಳು ಏಕಭಾಷಿ ಮಕ್ಕಳಿಗಿಂತ ಎರಡು ಮೂರು ವರ್ಷ ಮುಂಚೆಯೇ ಅರ್ಥದ ಕಡೆಗೆ ತಿರುಗಿದ್ದರು. ಕೆನಡಾದ ಎಲೆನ್ ಬಿಯಾಲಿಸ್ಟಾಕ್ ಅವರು ಮಕ್ಕಳಿಗೆ “ಸೇಬು ಮೂಗಿನ ಮೇಲೆ ಬೆಳೆಯುತ್ತದೆ” ಎಂಬಂತಹ ವಾಕ್ಯಗಳನ್ನು ಹೇಳಿ, ಅರ್ಥ ಹೇಗಾದರೂ ಇರಲಿ, ಮಾತು ಕಟ್ಟಿದ ರೀತಿ ಸರಿಯೆ ಎಂದು ಕೇಳಿದರು. ನಗು ತಡೆದುಕೊಂಡು “ಸರಿ” ಎನ್ನುವುದು ದ್ವಿಭಾಷಿ ಮಕ್ಕಳಿಗೆ ಹೆಚ್ಚು ಸುಲಭವಾಯಿತು. ಬೀಜಗಣಿತದಲ್ಲಿ ಒಂದು ಅಕ್ಷರವನ್ನು ಯಾವ ಸಂಖ್ಯೆಗೆ ಬೇಕಾದರೂ ಹೆಸರಾಗಿ ಇಡಬಹುದೆಂದು ಒಪ್ಪಲು ಇಂತಹ ಸಡಿಲ ಮನಸ್ಸೇ ಬೇಕಷ್ಟೆ.

ಗಮನದ ಕಾವಲು

ಇಷ್ಟಕ್ಕೆ ನಿಲ್ಲದೆ ಇನ್ನೊಂದು ದೊಡ್ಡ ಲಾಭವಿದೆಯೆಂದು ಕಳೆದ ಮೂರು ದಶಕಗಳಲ್ಲಿ ಅನೇಕರು ಸಾರಿದರು. ಇದನ್ನು ತಿಳಿಯಲು ಮೊದಲು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿರಿ. ಹಸಿರು ಶಾಯಿಯಿಂದ ‘ಕೆಂಪು’ ಎಂದೂ ಕೆಂಪು ಶಾಯಿಯಿಂದ ‘ನೀಲಿ’ ಎಂದೂ ನೀಲಿ ಶಾಯಿಯಿಂದ ‘ಹಸಿರು’ ಎಂದೂ ಇಪ್ಪತ್ತು ಮೂವತ್ತು ಪದಗಳನ್ನು ಕಲಸಿ ಬರೆಯಿರಿ. ಪದವನ್ನು ಓದದೆ ಶಾಯಿಯ ಬಣ್ಣವನ್ನು ಮಾತ್ರ ಬೇಗಬೇಗನೆ ಹೇಳಿರಿ. ನಾಲಗೆ ತಡವರಿಸುತ್ತದೆ. ನಿಮಗೆ ಓದಲು ಬಾರದ ಲಿಪಿಯಲ್ಲಿ ಬರೆಸಿ ನೋಡಿದರೆ ತಡವರಿಕೆ ಮಾಯವಾಗುತ್ತದೆ. ೧೯೩೫ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗವಿದು. ಬೇಡವಾದ ಉತ್ತರವನ್ನು ಹಿಡಿದು ನಿಲ್ಲಿಸಿ, ಬೇಕಾದುದಕ್ಕೆ ದಾರಿ ಬಿಡುವ ಶಕ್ತಿಯನ್ನು ಇದು ಅಳೆಯುತ್ತದೆ. ನಮ್ಮ ಅವಧಾನಿಗಳು ಗಂಟೆ ಬಾರಿಸುವವನನ್ನೂ ಅಪ್ರಸ್ತುತ ಪ್ರಸಂಗಿಯನ್ನೂ ಎದುರಿಸಿ ಪದ್ಯ ಕಟ್ಟುವಾಗ ಬಳಸುವ ಶಕ್ತಿಯೂ ಇದೇ ಜಾತಿಯದು.

ಇದಕ್ಕೂ ಎರಡು ಭಾಷೆಗಳಿಗೂ ಏನು ಸಂಬಂಧ? ದ್ವಿಭಾಷಿಯು ಒಂದು ಭಾಷೆಯನ್ನು ಆಡುವಾಗ ಇನ್ನೊಂದು ಭಾಷೆ ಮಲಗಿರುವುದಿಲ್ಲ. ೧೯೯೯ರಲ್ಲಿ ಪ್ರಕಟವಾದ ಸ್ಪೈವಿ ಮತ್ತು ಮರಿಯನ್ ಅವರ ಪ್ರಯೋಗದಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮುಂದೆ ಕೆಲವು ವಸ್ತುಗಳನ್ನಿಟ್ಟು, “ಅಂಚೆಚೀಟಿಯನ್ನು ಎತ್ತಿ” ಎಂದು ರಷ್ಯನ್ನಿನಲ್ಲಿ ಹೇಳಲಾಯಿತು. ರಷ್ಯನ್ನಿನಲ್ಲಿ ಅಂಚೆಚೀಟಿಗೆ ‘ಮಾರ್ಕಾ’ ಎನ್ನುತ್ತಾರೆ. ಪಕ್ಕದಲ್ಲಿಯೇ ಒಂದು ಮಾರ್ಕರ್ ಪೆನ್ ಇದ್ದಿತು. ಕೇಳುಗರ ಕಣ್ಣುಗಳು ಒಂದು ಕ್ಷಣ ಆ ಪೆನ್ನಿನ ಕಡೆಗೆ ಹರಿದುದನ್ನು ಯಂತ್ರ ಗುರುತಿಸಿತು. ಇಂಗ್ಲಿಷ್ ಆಗ ಬೇಡವಾಗಿದ್ದರೂ ಒಳಗೆ ಎಚ್ಚರವಾಗಿಯೇ ಇದ್ದಿತು. ಹೀಗೆ ಒಂದು ಭಾಷೆಯನ್ನು ಸದಾ ತಡೆಹಿಡಿಯಬೇಕಾದವರಿಗೆ ಗಮನವನ್ನು ಆಳುವ ಶಕ್ತಿ ಅಭ್ಯಾಸದಿಂದ ಬಲಗೊಳ್ಳುತ್ತದೆ ಎಂಬುದು ಊಹೆ.

ಊಹೆಗೆ ಬೆಂಬಲವೂ ಬಂದಿತು. ೧೯೯೯ರಲ್ಲಿ ಬಿಯಾಲಿಸ್ಟಾಕ್ ಮಕ್ಕಳಿಗೆ ಚೀಟಿಗಳನ್ನು ಮೊದಲು ಬಣ್ಣದಂತೆ ವಿಂಗಡಿಸಲು ಹೇಳಿ, ಆಮೇಲೆ ಒಮ್ಮೆಲೆ ಆಕಾರದಂತೆ ವಿಂಗಡಿಸಲು ಹೇಳಿದರು. ಚಿಕ್ಕ ಮಕ್ಕಳು ಹಳೆಯ ನಿಯಮವನ್ನೇ ಹಿಡಿದು ತಪ್ಪುತ್ತಾರೆ; ಚೀನೀ ಮತ್ತು ಇಂಗ್ಲಿಷ್ ಆಡುವ ಮಕ್ಕಳು ಹೊಸ ನಿಯಮಕ್ಕೆ ಹೆಚ್ಚು ಬೇಗ ಹೊಂದಿಕೊಂಡರು. ೨೦೦೯ರಲ್ಲಿ ಇಟಲಿಯಿಂದ ಕೊವಾಚ್ ಮತ್ತು ಮೆಹ್ಲರ್ ಅವರು, ಎರಡು ಭಾಷೆಗಳನ್ನು ಕೇಳುತ್ತಿರುವ ಏಳು ತಿಂಗಳ ಕೂಸುಗಳಲ್ಲಿಯೂ ಇಂತಹ ಗುಣ ಕಂಡಿತೆಂದು ಬರೆದರು. ವೃತ್ತಪತ್ರಿಕೆಗಳು ‘ಎರಡು ಭಾಷೆ ಕಲಿಸಿ, ಮಗುವನ್ನು ಜಾಣನನ್ನಾಗಿ ಮಾಡಿ’ ಎಂದು ಸಾರತೊಡಗಿದವು.

ಅಳಿಸಿಹಾಕಿದ ಅಂಕಿಗಳು

ಈಗ ನನ್ನ ಪ್ರಯೋಗಶಾಲೆಯ ಒಂದು ಗುಟ್ಟನ್ನು ಹೇಳಬೇಕು. ಗುರುತ್ವವೇಗೋತ್ಕರ್ಷವನ್ನು ಅಳೆಯುವ ಪ್ರಯೋಗದಲ್ಲಿ ಉತ್ತರ ೯೮೦ರ ಹತ್ತಿರ ಬರಬೇಕೆಂದು ವಿದ್ಯಾರ್ಥಿಗಳಿಗೆ ಮೊದಲೇ ಗೊತ್ತು. ೯೪೦ ಬಂದರೆ ರಬ್ಬರು ಹೊರಬರುತ್ತದೆ. ೯೭೯ ಬಂದರೆ ದಾಖಲೆಪುಸ್ತಕಕ್ಕೆ ಏರುತ್ತದೆ. ಪುಸ್ತಕಗಳನ್ನಷ್ಟೇ ನೋಡಿದವರು ನಮ್ಮ ಉಪಕರಣಗಳು ಅದ್ಭುತವಾಗಿವೆಯೆಂದು ತಿಳಿದಾರು!

ದ್ವಿಭಾಷೆಯ ಶೋಧನೆಯಲ್ಲಿಯೂ ಹೀಗೇನಾದರೂ ನಡೆದಿದೆಯೆ ಎಂದು ಏಂಜೆಲಾ ಡಿ ಬ್ರೌನ್ ಮತ್ತು ಸಂಗಡಿಗರು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ೧೯೯೯ ರಿಂದ ೨೦೧೨ರ ವರೆಗೆ ವಿದ್ವತ್ಸಭೆಗಳಲ್ಲಿ ಮಂಡಿತವಾದ ೧೦೪ ವರದಿಗಳನ್ನು ಅವರು ಹಿಂಬಾಲಿಸಿದರು. ದ್ವಿಭಾಷಿಗಳಿಗೆ ಮೇಲುಗೈ ಕಂಡಿತೆಂದ ವರದಿಗಳು ಎಲ್ಲಕ್ಕಿಂತ ಹೆಚ್ಚಾಗಿ ಅಚ್ಚಾಗಿದ್ದವು. ಅದಕ್ಕೆ ವಿರುದ್ಧವಾದವು ಎಲ್ಲಕ್ಕಿಂತ ಕಡಮೆಯಾಗಿ ಅಚ್ಚಾಗಿದ್ದವು. ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ‘ವ್ಯತ್ಯಾಸವಿಲ್ಲ’ ಎಂಬ ಫಲಿತಾಂಶ ಬರೆಯುವವನಿಗೂ ರುಚಿಸದು, ಅಚ್ಚುಹಾಕುವವನಿಗೂ ರುಚಿಸದು.

ಬಳಿಕ ದೊಡ್ಡ ಪ್ರಮಾಣದ ಅಳತೆಗಳೂ ಬಂದವು. ಸ್ಪೇನಿನಲ್ಲಿ ಡುನ್ಯಬೇಟಿಯಾ ಮತ್ತು ಸಂಗಡಿಗರು ೨೫೨ ದ್ವಿಭಾಷಿ ಮಕ್ಕಳನ್ನೂ ಅಷ್ಟೇ ಏಕಭಾಷಿ ಮಕ್ಕಳನ್ನೂ ಎಚ್ಚರಿಕೆಯಿಂದ ಸರಿಹೊಂದಿಸಿ, ಮೇಲೆ ಹೇಳಿದ ಸ್ಟ್ರೂಪ್ ಪ್ರಯೋಗದಂತಹ ಪರೀಕ್ಷೆಗಳನ್ನು ಕೊಟ್ಟರು. ೨೦೧೪ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ೨೦೧೯ರಲ್ಲಿ ಅಮೆರಿಕದ ೯–೧೦ ವರ್ಷದ ೪,೫೨೪ ಮಕ್ಕಳ ಅಂಕಿಗಳನ್ನು ವಿಶ್ಲೇಷಿಸಿದ ವರದಿಯಲ್ಲಿಯೂ ಗಮನದ ಶಕ್ತಿಯಲ್ಲಿ ದ್ವಿಭಾಷಿಗಳಿಗೆ ಮೇಲುಗೈ ಕಾಣಲಿಲ್ಲ. ಏಳು ತಿಂಗಳ ಕೂಸುಗಳ ಪ್ರಯೋಗವನ್ನು ಬೇರೆಡೆ ಮತ್ತೆ ಮಾಡಿದಾಗಲೂ ಎಲ್ಲ ಕಡೆ ಅದೇ ಉತ್ತರ ಬರಲಿಲ್ಲ.

ಆದುದರಿಂದ ವಿಷಯವನ್ನು ಹೀಗೆ ಇತ್ಯರ್ಥ ಮಾಡಬಹುದು. ಎರಡು ಭಾಷೆಗಳಿಂದ ಬುದ್ಧಿ ಕುಂದುತ್ತದೆ ಎಂಬುದು ತಪ್ಪು ತಕ್ಕಡಿಯಿಂದ ಬಂದ ಮಾತು. ಭಾಷೆಯ ಸ್ವರೂಪವನ್ನು ಅರಿಯುವುದರಲ್ಲಿ ದ್ವಿಭಾಷಿ ಮಕ್ಕಳಿಗೆ ಸ್ವಲ್ಪ ಮುನ್ನಡೆ ಇರುವುದಕ್ಕೆ ಸಾಕಷ್ಟು ಆಧಾರವಿದೆ. ಎಲ್ಲ ಬಗೆಯ ಆಲೋಚನೆಯಲ್ಲಿಯೂ ಗಮನದಲ್ಲಿಯೂ ಅವರೇ ಮೇಲು ಎಂಬುದು ಸಿದ್ಧವಾಗಿಲ್ಲ. ಹಳೆಯ ಭಯವನ್ನು ಯಾವ ನ್ಯಾಯದಿಂದ ತಳ್ಳಿದೆವೋ ಅದೇ ನ್ಯಾಯದಿಂದ ಹೊಸ ಹಿಗ್ಗನ್ನೂ ತೂಗಬೇಕಲ್ಲವೆ?

ನಷ್ಟವೇನಾದರೂ ಉಂಟೆ?

ಒಂದು ಸಣ್ಣ ನಷ್ಟ ಉಂಟು. ಮಗು ಎಚ್ಚರವಾಗಿರುವ ಹೊತ್ತು ಪರಿಮಿತವಾದುದು. ಅದು ಎರಡು ಭಾಷೆಗಳಲ್ಲಿ ಹಂಚಿಹೋಗುತ್ತದೆ. ೨೦೧೦ರಲ್ಲಿ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು ೩ ರಿಂದ ೧೦ ವರ್ಷದ ೧,೭೩೮ ಮಕ್ಕಳ ಇಂಗ್ಲಿಷ್ ಪದಸಂಪತ್ತನ್ನು ತುಲನೆ ಮಾಡಿದಾಗ ದ್ವಿಭಾಷಿ ಮಕ್ಕಳು ಸ್ವಲ್ಪ ಹಿಂದಿದ್ದರು. ಆದರೆ ಕೊರತೆ ಕಂಡುದು ಹೆಚ್ಚಾಗಿ ಅಡಿಗೆಮನೆ, ಆಟ ಮೊದಲಾದ ಮನೆಯ ಪದಗಳಲ್ಲಿ. ಶಾಲೆಯ ಪದಗಳಲ್ಲಿ ಅಂತರ ಬಹಳ ಕಡಮೆ. ಕಾರಣ ಸರಳವಾಗಿದೆ: ಮನೆಯ ಪದಗಳು ಅವರಲ್ಲಿ ಮನೆಯ ಭಾಷೆಯಲ್ಲಿದ್ದುವು. ಎರಡು ಜೇಬುಗಳಲ್ಲಿ ದುಡ್ಡಿಟ್ಟುಕೊಂಡವನ ಒಂದೇ ಜೇಬನ್ನು ತಡಕಿ ಅವನನ್ನು ಬಡವನೆನ್ನುವುದು ಸರಿಯಲ್ಲ. ಅಮೆರಿಕದ ಮಯಾಮಿ ನಗರದ ಶಿಶುಗಳನ್ನು ಕುರಿತು ೧೯೯೩ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಎರಡೂ ಭಾಷೆಗಳನ್ನು ಸೇರಿಸಿ ಎಣಿಸಿದಾಗ ಅವರಿಗೆ ತಿಳಿದ ಭಾವನೆಗಳ ಸಂಖ್ಯೆ ಏಕಭಾಷಿ ಶಿಶುಗಳಿಗೆ ಸರಿಸಮವಾಗಿದ್ದಿತು.

ನಿಜವಾದ ಅಪಾಯವಿರುವುದು ಬೇರೆ ಕಡೆ. ಹೊಸ ಭಾಷೆ ಹಳೆಯದರ ಜೊತೆಗೆ ಬಂದು ಕೂಡಿಕೊಂಡರೆ ಅದು ಸಂಕಲನ. ಹಳೆಯದನ್ನು ಹೊರದೂಡಿ ಅದರ ಜಾಗದಲ್ಲಿ ಕೂತರೆ ಅದು ವ್ಯವಕಲನ. ಮಾಂಟ್ರಿಯಲ್ಲಿನ ಲ್ಯಾಂಬರ್ಟ್ ಅವರೇ ೧೯೭೦ರ ದಶಕದಲ್ಲಿ ಈ ಭೇದವನ್ನು ತೋರಿಸಿದರು. ಮನೆಯ ಭಾಷೆಯನ್ನು ಕಿತ್ತುಕೊಂಡು, ಇನ್ನೂ ಬಾರದ ಭಾಷೆಯಲ್ಲಿ ಪಾಠ ಹೇಳಿದರೆ ಮಗು ಕೆಲಕಾಲ ಯಾವ ಭಾಷೆಯಲ್ಲಿಯೂ ಆಲೋಚಿಸಲಾರದೆ ನಿಲ್ಲುತ್ತದೆ. ೧೯೫೩ರಲ್ಲಿ ಯುನೆಸ್ಕೊ ಸಂಸ್ಥೆಯ ತಜ್ಞರು ಮಗುವಿಗೆ ಪಾಠ ಹೇಳಲು ಮಾತೃಭಾಷೆಯೇ ಉತ್ತಮವೆಂದುದೂ, ೨೦೨೦ರ ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದಲ್ಲೆಲ್ಲ ಕಡಮೆಪಕ್ಷ ಐದನೆಯ ತರಗತಿಯ ವರೆಗೆ ಮನೆಮಾತಿನಲ್ಲಿ ಪಾಠವಿರಲಿ ಎಂದುದೂ ಇದೇ ಕಾರಣದಿಂದ.

ನಮ್ಮ ನೆಲದ ವಾಡಿಕೆ

ಈ ಶೋಧನೆಗಳಲ್ಲಿ ಹೆಚ್ಚಿನವು ಏಕಭಾಷೆಯೇ ಸಹಜವೆಂದು ತಿಳಿದ ದೇಶಗಳಲ್ಲಿ ನಡೆದವು. ನಮ್ಮಲ್ಲಿ ಪರಿಸ್ಥಿತಿ ಬೇರೆ. ೨೦೧೧ರ ಜನಗಣತಿಯಲ್ಲಿ ಭಾರತೀಯರ ಪೈಕಿ ನೂರಕ್ಕೆ ಸುಮಾರು ೨೬ ಮಂದಿ ಎರಡು ಅಥವಾ ಹೆಚ್ಚು ಭಾಷೆಗಳನ್ನು ಬಲ್ಲೆವೆಂದು ಬರೆಸಿದ್ದಾರೆ. ಕರ್ನಾಟಕದ ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪವಾಡ ಎಂಬ ಊರಿದೆ. ಅಲ್ಲಿಯ ಜೈನರು ಕನ್ನಡವನ್ನೂ, ಮುಸಲ್ಮಾನರು ಉರ್ದುವನ್ನೂ, ಇತರರು ಮರಾಠಿ, ತೆಲುಗುಗಳನ್ನೂ ಮನೆಯಲ್ಲಿ ಆಡುತ್ತ, ಬೀದಿಯಲ್ಲಿ ಪರಸ್ಪರರ ಭಾಷೆಯನ್ನು ಬಳಸುತ್ತ ಶತಮಾನಗಳನ್ನು ಕಳೆದಿದ್ದರು. ಗಂಪರ್ಜ್ ಮತ್ತು ವಿಲ್ಸನ್ ೧೯೭೧ರಲ್ಲಿ ಬರೆದ ಪ್ರಬಂಧದ ಪ್ರಕಾರ ಆ ಭಾಷೆಗಳ ವಾಕ್ಯರಚನೆಗಳೇ ಒಂದರಂತೊಂದು ಆಗಿಬಿಟ್ಟಿದ್ದವು. ಆದರೂ ಯಾರೂ ತಮ್ಮ ಮನೆಮಾತನ್ನು ಬಿಟ್ಟಿರಲಿಲ್ಲ. ಇಂತಹ ಊರಿನವರಿಗೆ “ಎರಡು ಭಾಷೆಯಿಂದ ತಲೆ ಕೆಡುತ್ತದೆಯೆ?” ಎಂದು ಕೇಳಿದರೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೇನೋ!

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿ, ಕಾಲೇಜಿನಲ್ಲಿ ಒಮ್ಮೆಲೆ ಇಂಗ್ಲಿಷ್ ಪಾಠಗಳನ್ನು ಎದುರಿಸುತ್ತಿರಬಹುದು. ನಾನೂ ಹಾಗೆಯೇ ಬಂದವನು. ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು, ನನ್ನ ಬುದ್ಧಿಯೇ ಮೊಂಡಾಯಿತೆಂದು ನಂಬಿದ್ದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿಕೊಟ್ಟಿರುವ ಒಂದು ವಿಷಯ ಆಗ ನನಗೆ ಗೊತ್ತಿರಲಿಲ್ಲ. ಹೊಸ ಭಾಷೆಯಲ್ಲಿ ಸಂಭಾಷಣೆ ನಡೆಸಲು ಮಗುವಿಗೆ ಎರಡು ವರ್ಷ ಸಾಕಾಗಬಹುದು. ಅದೇ ಭಾಷೆಯಲ್ಲಿ ಶಾಸ್ತ್ರವಿಷಯಗಳನ್ನು ಸಹಪಾಠಿಗಳ ಸಮಕ್ಕೆ ಗ್ರಹಿಸಲು ಐದರಿಂದ ಏಳು ವರ್ಷ ಬೇಕಾಗುತ್ತದೆ. ಭಾಷೆಗೆ ಬೇಕಾದ ಕಾಲವನ್ನು ಬುದ್ಧಿಯ ಕೊರತೆಯೆಂದು ಎಣಿಸಬೇಡಿರಿ. ಕನ್ನಡದಲ್ಲಿ ತಿಳಿದ ಜಡತ್ವ ಇಂಗ್ಲಿಷಿನಲ್ಲಿಯೂ ಜಡತ್ವವೇ. ಅದನ್ನು ಮತ್ತೊಮ್ಮೆ ಅರ್ಥಮಾಡಿಕೊಳ್ಳಬೇಕಾಗಿಲ್ಲ, ಹೆಸರನ್ನು ಮಾತ್ರ ಕಲಿಯಬೇಕು.

ಇಷ್ಟನ್ನೂ ನನ್ನ ಮಿತ್ರರಿಗೆ ಹೇಳಿದೆ. ತುಳು ಆಡಿದರೆ ಮಗಳು ಗಣಿತದಲ್ಲಿ ಮೊದಲಿಗಳಾಗುತ್ತಾಳೆಂದು ನಾನು ಭರವಸೆ ಕೊಡಲಿಲ್ಲ. ಆ ಮಾತಿಗೆ ಆಧಾರವಿಲ್ಲ. ತುಳುವಿನಿಂದ ಅವಳ ಬುದ್ಧಿಗೆ ಹಾನಿಯಿಲ್ಲ, ಇಂಗ್ಲಿಷನ್ನು ಶಾಲೆಯೂ ಪುಸ್ತಕಗಳೂ ಕಲಿಸುತ್ತವೆ, ಆದರೆ ತುಳುವನ್ನು ಕಲಿಸಬಲ್ಲವರು ಆ ಮನೆಯವರು ಮಾತ್ರ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮನಿಗೆ ಇದನ್ನು ನಾನೇ ಹೇಳಬೇಕು” ಎಂದರು.

ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅಜ್ಜಿ ತುಳುವಿನಲ್ಲಿ ಕಥೆ ಹೇಳುತ್ತಿದ್ದರು. ಮಗು ನಡುನಡುವೆ ಪ್ರಶ್ನೆ ಕೇಳುತ್ತಿತ್ತು. ನನ್ನನ್ನು ಕಂಡೊಡನೆ ಅದು ಎದ್ದು ಬಂದು, ಅಲ್ಲಿಯ ವರೆಗಿನ ಕಥೆಯನ್ನೆಲ್ಲ ನನಗಾಗಿ ಕನ್ನಡದಲ್ಲಿ ಹೇಳಿತು.